ಜೀವಾವಧಿಯ ಅವಧಿ

ಕೊಲೆಗಾರನಿಗೆ ಜೀವಾವಧಿ ಶಿಕ್ಷೆಯಾಯಿತೆಂಬ ಸುದ್ದಿಯನ್ನು ಓದಿದೊಡನೆ ನಮ್ಮಲ್ಲಿ ಅನೇಕರ ಮನಸ್ಸು ತಾನಾಗಿಯೇ ಒಂದು ಲೆಕ್ಕವನ್ನು ಹಾಕಿಬಿಡುತ್ತದೆ: ಹದಿನಾಲ್ಕು ವರ್ಷ, ಆಮೇಲೆ ಬಿಡುಗಡೆ. ಶ್ರೀರಾಮನ ವನವಾಸದ ಅವಧಿಯೂ ಅಷ್ಟೇ ಆದ್ದರಿಂದಲೋ ಏನೋ, ಈ ಅಂಕೆ ಜನದ ನಾಲಗೆಯ ಮೇಲೆ ಭದ್ರವಾಗಿ ಕುಳಿತಿದೆ. ಸೆರೆಮನೆಯಲ್ಲಿ ಹಗಲನ್ನು ಒಂದು ದಿನವೆಂದೂ ರಾತ್ರಿಯನ್ನು ಇನ್ನೊಂದು ದಿನವೆಂದೂ ಎಣಿಸುತ್ತಾರೆ, ಆದ್ದರಿಂದ ಹದಿನಾಲ್ಕೆಂದರೆ ಏಳೇ ಎಂದು ಹೇಳುವವರೂ ಉಂಟು. ಎರಡು ನಂಬಿಕೆಗಳೂ ತಪ್ಪು. ಕಾನೂನಿನಲ್ಲಿ ಜೀವಾವಧಿ ಎಂಬ ಮಾತಿಗೆ ಇರುವುದು ಆ ಪದವೇ ಹೇಳುವ ಅರ್ಥ: ಜೀವ ಇರುವಷ್ಟು ಅವಧಿ. ಆದರೆ ಪದದ ಅರ್ಥ ಒಂದು, ವ್ಯವಹಾರ ಇನ್ನೊಂದು ಆಗಿರುವುದರಿಂದ ಒಂದು ಕಠಿಣ ಪ್ರಶ್ನೆ ಹುಟ್ಟಿಕೊಂಡಿದೆ. ಕೊಲೆ ಮಾಡಿದವನನ್ನು, ಮರುವಿಚಾರಕ್ಕೆ ಎಡೆಯೇ ಇಲ್ಲದಂತೆ, ಅವನ ಕೊನೆಯುಸಿರಿನವರೆಗೆ ಸೆರೆಯಲ್ಲಿಡುವುದು ನ್ಯಾಯವೆ? ಇದನ್ನು ಕುರಿತು ನಾಲ್ಕು ಮಾತು ಬರೆಯಬಯಸುತ್ತೇನೆ.

ಮೊದಲು ಕಾನೂನಿನ ಸಂಗತಿ. ೧೮೬೦ರ ಭಾರತೀಯ ದಂಡ ಸಂಹಿತೆ ಕೊಲೆಗೆ ಎರಡೇ ಶಿಕ್ಷೆಗಳನ್ನು ಹೇಳಿತ್ತು: ಮರಣದಂಡನೆ, ಇಲ್ಲವೆ ಜೀವಾವಧಿ ಗಡೀಪಾರು. ಈ ಎರಡನೆಯದನ್ನೇ ನಮ್ಮ ಹಿರಿಯರು ಕರಿನೀರಿನ ಶಿಕ್ಷೆ ಎನ್ನುತ್ತಿದ್ದುದು. ೧೯೫೬ರ ಜನವರಿ ೧ರಿಂದ ಗಡೀಪಾರು ಹೋಗಿ ಅದರ ಸ್ಥಾನದಲ್ಲಿ ಜೀವಾವಧಿ ಕಾರಾವಾಸ ಬಂದಿತು. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಕೊಲೆಗೆ ಮರಣ ಅಥವಾ ಜೀವಾವಧಿ ಎಂಬ ಈ ಜೋಡಿಯೇ ಉಳಿದಿದೆ. ಹಾಗಾದರೆ ಹದಿನಾಲ್ಕು ಎಲ್ಲಿಂದ ಬಂದಿತು? ಜೀವಾವಧಿ ಶಿಕ್ಷೆಯನ್ನು ಹದಿನಾಲ್ಕು ವರ್ಷಕ್ಕೆ ಮೀರದಷ್ಟು ಅವಧಿಗೆ ಇಳಿಸುವ ಅಧಿಕಾರವನ್ನು ಹಳೆಯ ಸಂಹಿತೆ ಸರ್ಕಾರಕ್ಕೆ ಕೊಟ್ಟಿತ್ತು. ಆಮೇಲೆ ೧೯೭೮ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಹೊಸದೊಂದು ಕಲಮು ಸೇರಿತು: ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆ ಪಡೆದವನು ಕಡಮೆಪಕ್ಷ ಹದಿನಾಲ್ಕು ವರ್ಷ ಸೆರೆಯಲ್ಲಿ ಕಳೆಯದೆ ಬಿಡುಗಡೆಯಾಗಕೂಡದು. ಅಂದರೆ ಬಿಡುಗಡೆಯ ವಿಚಾರವನ್ನು ಎತ್ತುವುದಕ್ಕೆ ದಾಟಬೇಕಾದ ಹೊಸ್ತಿಲು ಹದಿನಾಲ್ಕು. ಅಲ್ಲಿಗೆ ಶಿಕ್ಷೆ ಮುಗಿಯಿತೆಂದು ಯಾವ ಕಾನೂನೂ ಹೇಳಿಲ್ಲ.

ಸುಪ್ರೀಂ ಕೋರ್ಟು ಈ ಮಾತನ್ನು ೧೯೬೧ರಲ್ಲಿಯೇ ನಿಸ್ಸಂದಿಗ್ಧವಾಗಿ ಹೇಳಿತು. ಮಹಾತ್ಮಾ ಗಾಂಧಿಯವರ ಹತ್ಯೆಯ ಮೊಕದ್ದಮೆಯಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾಗಿದ್ದ ಗೋಪಾಲ ಗೋಡ್ಸೆ, ಸೆರೆಮನೆಯ ಮಾಫಿಯ ದಿನಗಳನ್ನೆಲ್ಲ ಕೂಡಿಸಿದರೆ ತನ್ನ ಇಪ್ಪತ್ತು ವರ್ಷ ತುಂಬಿತೆಂದು ವಾದಿಸಿದ್ದನು. ಜೀವಾವಧಿಯೆಂದರೆ ಅಪರಾಧಿಯ ಉಳಿದ ಆಯುಷ್ಯವೆಲ್ಲವೂ ಹೌದು. ಇಪ್ಪತ್ತೆಂಬುದು ಬೇರೆ ಲೆಕ್ಕಾಚಾರಕ್ಕಾಗಿ ಇಟ್ಟುಕೊಂಡ ಅಂಕೆ. ಸರ್ಕಾರ ಮಾಫಿ ಮಾಡಿದ ಹೊರತು ಬಿಡುಗಡೆಯ ಹಕ್ಕಿಲ್ಲ ಎಂದು ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಆದರೆ ಮೂರು ವರ್ಷ ಕಳೆದ ಮೇಲೆ, ೧೯೬೪ರ ಅಕ್ಟೋಬರಿನಲ್ಲಿ, ಅದೇ ಗೋಡ್ಸೆ ಬಿಡುಗಡೆಯಾಗಿ ಹೊರಬಂದನು. ನ್ಯಾಯಾಲಯ ಅರ್ಥವನ್ನು ಹೇಳುತ್ತದೆ, ಸರ್ಕಾರ ಅವಧಿಯನ್ನು ಅಳೆಯುತ್ತದೆ. ನಮ್ಮ ದೇಶದ ಜೀವಾವಧಿ ಶಿಕ್ಷೆಯ ಎಲ್ಲ ತೊಡಕುಗಳೂ ಈ ಎರಡು ಅಧಿಕಾರಗಳ ನಡುವಣ ಸಂದಿಯಲ್ಲಿ ಹುಟ್ಟಿದವು.

ಆ ಸಂದಿಯನ್ನು ಮುಚ್ಚುವ ಪ್ರಯತ್ನ ನಡೆದದ್ದು ನಮ್ಮ ಬೆಂಗಳೂರಿನದೇ ಒಂದು ಪ್ರಕರಣದಲ್ಲಿ. ಸ್ವಾಮಿ ಶ್ರದ್ಧಾನಂದನೆಂಬುವನು ತನ್ನನ್ನು ನಂಬಿ ಮದುವೆಯಾದ ಹೆಣ್ಣನ್ನು ೧೯೯೧ರಲ್ಲಿ ಮದ್ದಿಕ್ಕಿ, ಅವಳ ಮನೆಯ ಆವರಣದಲ್ಲಿಯೇ ಹೂತುಹಾಕಿದನು. ಮೂರು ವರ್ಷಗಳ ಕಾಲ ಅವಳು ಎಲ್ಲಿಯೋ ಬದುಕಿರುವಳೆಂದು ಎಲ್ಲರನ್ನೂ ನಂಬಿಸಿದನು. ತಾಯಿಯನ್ನು ಹುಡುಕುವುದನ್ನು ಮಗಳು ಬಿಡದೆ ಇದ್ದುದರಿಂದ ೧೯೯೪ರಲ್ಲಿ ಸತ್ಯ ಹೊರಬಿದ್ದಿತು. ಸೆಷನ್ಸ್ ಕೋರ್ಟು ೨೦೦೫ರಲ್ಲಿ ಮರಣದಂಡನೆ ವಿಧಿಸಿತು. ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ೨೦೦೭ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಶಿಕ್ಷೆಯ ವಿಷಯದಲ್ಲಿ ಭಿನ್ನಮತ ತಳೆದರು: ಒಬ್ಬರು ಜೀವಾವಧಿ ಸಾಕೆಂದರು, ಇನ್ನೊಬ್ಬರು ಗಲ್ಲೇ ತಕ್ಕದೆಂದರು. ಕೊನೆಗೆ ೨೦೦೮ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಮಧ್ಯದ ದಾರಿಯೊಂದನ್ನು ಕಂಡುಕೊಂಡಿತು. ಗಲ್ಲು ಅತಿಯಾಯಿತು, ಹದಿನಾಲ್ಕು ವರ್ಷದ ಜೀವಾವಧಿ ತೀರ ಅಲ್ಪವಾಯಿತು. ಆದ್ದರಿಂದ ಈತನನ್ನು ಬದುಕಿರುವವರೆಗೂ ಬಿಡುಗಡೆ ಮಾಡಕೂಡದೆಂದು ನ್ಯಾಯಾಲಯವೇ ಅಪ್ಪಣೆ ಮಾಡಿತು. ೨೦೧೫ರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಮೂವರ ಬಹುಮತದಿಂದ, ಇಂಥ ಶಿಕ್ಷೆಯನ್ನು ಹೈಕೋರ್ಟುಗಳೂ ಸುಪ್ರೀಂ ಕೋರ್ಟೂ ವಿಧಿಸಬಹುದೆಂದು ಸ್ಥಿರಪಡಿಸಿತು. ಉಳಿದಿಬ್ಬರು ಇದು ಶಾಸನದಲ್ಲಿಲ್ಲದ ಶಿಕ್ಷೆಯನ್ನು ನ್ಯಾಯಾಲಯವೇ ಸೃಷ್ಟಿಸಿದಂತೆ ಎಂದು ಒಪ್ಪದೆ ಹೋದರು.

ಈ ಮಧ್ಯಮಾರ್ಗದ ಪರವಾಗಿ ಹೇಳಬಹುದಾದದ್ದು ಬಹಳವಿದೆ. ಅದನ್ನು ಹಗುರವಾಗಿ ಕಾಣುವುದು ಅನ್ಯಾಯ. ಮೊದಲನೆಯದಾಗಿ, ಅದು ಗಲ್ಲಿನ ಬಾಯಿಂದ ಒಂದು ಜೀವವನ್ನು ಉಳಿಸಿತು. ಮರಣದಂಡನೆಗೆ ವಿಶೇಷ ಕಾರಣಗಳನ್ನು ಬರೆಯಬೇಕೆಂದು ೧೯೭೩ರ ಸಂಹಿತೆ ಹೇಳಿತು. ಅತಿವಿರಳ ಪ್ರಕರಣಗಳಲ್ಲಿ ಮಾತ್ರ ಅದು ಸಲ್ಲುವುದೆಂದು ೧೯೮೦ರಲ್ಲಿ ಸುಪ್ರೀಂ ಕೋರ್ಟು ನಿಯಮಿಸಿತು. ಹೀಗೆ ಹಗ್ಗ ಹಿಂದೆ ಸರಿದಂತೆಲ್ಲ ಅದರ ಎಡೆಯಲ್ಲಿ ನಿಲ್ಲುವ ಶಿಕ್ಷೆಗೆ ತೂಕವಿರಬೇಕಾದುದು ಸಹಜ. ಎರಡನೆಯದಾಗಿ, ಸತ್ತವರಿಗೆ ಮರುವಿಚಾರವಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೆ ಎಂಬ ಗಾದೆ ಮೂಗಿಗೇ ಇಷ್ಟು ನಿಜವಾದರೆ ಪ್ರಾಣಕ್ಕೆ ಎಷ್ಟು ನಿಜವಾಗಬೇಡ? ತಾಯಿಯನ್ನು ಕಳೆದುಕೊಂಡ ಮಗಳಿಗೆ ಹದಿನಾಲ್ಕು ವರ್ಷಕ್ಕೆ ದುಃಖದ ಮಾಫಿ ದೊರೆಯುವುದಿಲ್ಲ. ಮೂರನೆಯದಾಗಿ, ಬೀದಿಯಲ್ಲಿ ನಡೆದಾಡುವ ನಮ್ಮೆಲ್ಲರಿಗೂ ರಕ್ಷಣೆ ಬೇಕು. ಗಲ್ಲು ಅಥವಾ ಕೊನೆಯವರೆಗಿನ ಸೆರೆ, ಈ ಎರಡರಲ್ಲಿ ಒಂದನ್ನೇ ಆರಿಸಬೇಕೆಂದು ಯಾರಾದರೂ ನನ್ನನ್ನು ನಿರ್ಬಂಧಿಸಿದರೆ ನಾನು ಸೆರೆಯನ್ನೇ ಆರಿಸುತ್ತೇನೆ. ತೀರ್ಪಿನಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಲು ಬದುಕಿರುವ ಮನುಷ್ಯನಾದರೂ ಉಳಿದಿರುತ್ತಾನೆ.

ಕೆಲವರು ಸಾಯುವವರೆಗೆ ಸೆರೆಯಲ್ಲಿಯೇ ಇರಬೇಕಾಗಿ ಬರಬಹುದೆಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಇಪ್ಪತ್ತು, ಇಪ್ಪತ್ತೈದು, ಮೂವತ್ತು ವರ್ಷಗಳವರೆಗೆ ಮಾಫಿಯ ಮಾತೆತ್ತಕೂಡದೆಂದು ನ್ಯಾಯಾಧೀಶರು ಗಡುವು ಹಾಕುವುದೂ ನನಗೆ ಸಮ್ಮತವೆ. ನನ್ನ ಆಕ್ಷೇಪಣೆ ಒಂದೇ. ಶಿಕ್ಷೆ ವಿಧಿಸುವ ದಿನವೇ, ಇನ್ನೆಂದಿಗೂ ಈ ಮನುಷ್ಯನ ವಿಷಯವನ್ನು ಯಾರೂ ವಿಚಾರಿಸಕೂಡದೆಂದು ಬೀಗ ಹಾಕಿ ಬೀಗದ ಕೈಯನ್ನು ಬಾವಿಗೆ ಎಸೆಯಬಾರದು. ಬಿಡುಗಡೆಯ ಹಕ್ಕು ಕೊಲೆಗಾರನಿಗೆ ಇಲ್ಲ. ಆದರೆ ಒಂದು ಕಾಲ ಬಂದಾಗ ವಿಚಾರಣೆಗೆ ಒಳಪಡುವ ಹಕ್ಕು ಅವನಿಗೂ ಇರಬೇಕು.

ಏಕೆಂದರೆ ತೀರ್ಪಿನ ದಿನ ನ್ಯಾಯಾಧೀಶರ ಮುಂದೆ ಇರುವುದು ಕಳೆದುಹೋದ ಸಂಗತಿ. ಸಾಕ್ಷಿ, ಆಯುಧ, ವೈದ್ಯರ ವರದಿ, ಎಲ್ಲವೂ ಹಿಂದಿನ ಒಂದು ದಿನವನ್ನು ಕುರಿತವು. ಆ ದಿನ ಈತ ಏನು ಮಾಡಿದನೆಂಬುದನ್ನು ಅವರು ನಿಶ್ಚಯವಾಗಿ ಹೇಳಬಲ್ಲರು. ಅದಕ್ಕೆ ತಕ್ಕ ಶಿಕ್ಷೆಯನ್ನೂ ಅಳೆಯಬಲ್ಲರು. ಇಪ್ಪತ್ತೈದು ವರ್ಷದ ಮೇಲೆ ಈತ ಎಂಥವನಾಗಿರುತ್ತಾನೆ ಎಂಬುದಕ್ಕೆ ಮಾತ್ರ ಅವರ ಮೇಜಿನ ಮೇಲೆ ಒಂದು ಸಾಕ್ಷ್ಯವೂ ಇಲ್ಲ, ಇರಲೂ ಆಗದು. ಸಾಕ್ಷ್ಯವಿಲ್ಲದೆ ತೀರ್ಪು ಕೊಡಬಾರದೆಂಬುದು ನ್ಯಾಯದ ಮೊದಲ ಪಾಠ. ಎಂದಿಗೂ ಬಿಡುಗಡೆಯಿಲ್ಲ ಎಂಬ ಅಪ್ಪಣೆ, ಇನ್ನೂ ಹುಟ್ಟದೆ ಇರುವ ಸಾಕ್ಷ್ಯವನ್ನು ಮುಂದಾಗಿಯೇ ತಿರಸ್ಕರಿಸಿಬಿಡುತ್ತದೆ. ಬೆಂಗಳೂರಿನ ಪ್ರಕರಣದ ಕೈದಿಯೇ ಎಂಬತ್ತು ದಾಟಿದ ಮೇಲೆ, ಸುಮಾರು ಮೂವತ್ತು ವರ್ಷಗಳ ಸೆರೆಯ ಅನಂತರ, ಮತ್ತೆ ಸುಪ್ರೀಂ ಕೋರ್ಟಿನ ಮೊರೆಹೊಕ್ಕನು. ೨೦೨೪ರಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ತಳ್ಳಿಹಾಕಿತು. ಅವನು ಬಿಡುಗಡೆಗೆ ಅರ್ಹನೋ ಅಲ್ಲವೋ ನಾನು ಹೇಳಲಾರೆ; ಅವನನ್ನು ಕಂಡು, ಮಾತನಾಡಿಸಿ, ಅವನ ನಡೆನುಡಿಯನ್ನು ಪರೀಕ್ಷಿಸಿದವರು ಹೇಳಬೇಕಾದ ಮಾತು ಅದು. ಹಾಗೆ ಪರೀಕ್ಷಿಸುವ ಬಾಗಿಲನ್ನು ೨೦೦೮ರ ತೀರ್ಪು ಮುಚ್ಚಿತ್ತೆಂಬುದಷ್ಟೇ ನನ್ನ ದುಃಖ.

ಮನುಷ್ಯ ಬದಲಾಗಬಲ್ಲನೆಂಬುದು ನಮ್ಮ ಸಾಹಿತ್ಯಕ್ಕೆ ಹೊಸ ಸುದ್ದಿಯಲ್ಲ. ಹದಿಮೂರನೆಯ ಶತಮಾನದ ಆದಿಯಲ್ಲಿ ಜನ್ನ ಬರೆದ ಯಶೋಧರ ಚರಿತೆಯಲ್ಲಿ ಮಾರಿದತ್ತನು ಚಂಡಮಾರಿಗೆ ನರಬಲಿ ಕೊಡಲು ಸಿದ್ಧನಾಗಿ ನಿಂತ ಅರಸು. ಬಲಿಗಾಗಿ ತಂದ ಎಳೆಯ ಅಭಯರುಚಿ ತನ್ನ ಜನ್ಮಾಂತರಗಳ ಕಥೆಯನ್ನು ಹೇಳುತ್ತಾನೆ. ಕೇಳುತ್ತ ಕೇಳುತ್ತ ಅರಸನ ಮನಸ್ಸು ಕರಗಿ ಅವನು ಹಿಂಸೆಯನ್ನೇ ತೊರೆಯುತ್ತಾನೆ. ಬೌದ್ಧರ ಅಂಗುಲಿಮಾಲನ ಕಥೆ ಇನ್ನೂ ತೀಕ್ಷ್ಣವಾದುದು. ಕೊಂದವರ ಬೆರಳುಗಳನ್ನು ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದ ಅವನು ಬುದ್ಧನ ಮಾತಿನಿಂದ ಭಿಕ್ಷುವಾದನು. ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಪಾಳಿಯ ಸುತ್ತ ನಿಲ್ಲಿಸುವುದಿಲ್ಲ. ಭಿಕ್ಷೆಗೆಂದು ಊರೊಳಗೆ ಹೋದ ಅಂಗುಲಿಮಾಲನಿಗೆ ಕಲ್ಲು ಹೆಂಟೆಗಳ ಏಟು ಬೀಳುತ್ತದೆ. ತಲೆಯೊಡೆದು, ಪಾತ್ರೆ ಬಿರಿದು, ಚೀವರ ಹರಿದು ಅವನು ಹಿಂದಿರುಗುತ್ತಾನೆ. ಸಹಿಸಿಕೋ, ನಿನ್ನ ಕರ್ಮದ ಫಲವನ್ನು ನೀನು ಈಗ ಅನುಭವಿಸುತ್ತಿರುವೆ ಎಂದು ಬುದ್ಧನು ಹೇಳುತ್ತಾನೆ. ಎರಡು ಸತ್ಯಗಳು ಇಲ್ಲಿ ಒಂದನ್ನೊಂದು ಅಳಿಸದೆ ನಿಂತಿವೆ. ಅವನು ಬದಲಾದದ್ದೂ ನಿಜ. ಮಾಡಿದ್ದನ್ನು ಉಣ್ಣಬೇಕಾದದ್ದೂ ನಿಜ. ಈ ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ನಮ್ಮ ಶಿಕ್ಷಾಪದ್ಧತಿಗೂ ಬರಬೇಕು.

ಕಥೆಯ ಮಾತು ಬಿಟ್ಟು ನಡೆದುದನ್ನೇ ನೋಡಬೇಕೆನ್ನುವವರಿಗೆ ನಮ್ಮ ನೆರೆಯಲ್ಲಿಯೇ ಉದಾಹರಣೆಯಿದೆ. ಸ್ವಾತಂತ್ರ್ಯಕ್ಕೆ ಮುನ್ನ ಔಂಧ್ ಸಂಸ್ಥಾನದಲ್ಲಿ, ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಸೇರಿದ ಆಟಪಾಡಿಯ ಬಳಿ, ಗೋಡೆಗಳಿಲ್ಲದ ಸ್ವತಂತ್ರಪುರವೆಂಬ ಬಂದಿಗಳ ವಸಾಹತು ಹುಟ್ಟಿತು. ೧೯೫೭ರಲ್ಲಿ ವಿ. ಶಾಂತಾರಾಮ್ ಅವರು ತೆಗೆದ ‘ದೋ ಆಂಖೇಂ ಬಾರಹ್ ಹಾಥ್’ ಚಿತ್ರಕ್ಕೆ ಪ್ರೇರಣೆ ಆ ಪ್ರಯೋಗವೇ. ಚಿತ್ರದ ಆರು ಮಂದಿ ಕೈದಿಗಳೂ ಕೊಲೆಗಾರರೇ. ರಾಜಸ್ಥಾನದ ಸಾಂಗಾನೇರಿನ ತೆರೆದ ಸೆರೆಮನೆಯಲ್ಲಿ ಕೈದಿಗಳು ಹೆಂಡತಿ ಮಕ್ಕಳೊಡನೆ ವಾಸಮಾಡಿಕೊಂಡು, ಹೊರಗೆ ಹೋಗಿ ದುಡಿದು, ಸಂಜೆ ಹಾಜರಿ ಹಾಕುತ್ತ ಬಂದಿದ್ದಾರೆ. ಕೊಲೆ ಮಾಡಿದವನು ಕೊನೆಯವರೆಗೂ ಕೊಲೆಗಾರನಾಗಿಯೇ ಇರುತ್ತಾನೆಂಬುದು ನಿಯಮವಾಗಿದ್ದರೆ ಇಂಥ ಜಾಗಗಳು ಒಂದು ವಾರವೂ ನಡೆಯುತ್ತಿರಲಿಲ್ಲ.

ಹಾಗಾದರೆ ನಮ್ಮ ಘನ ನ್ಯಾಯಾಲಯ ಬೀಗ ಹಾಕಿದ್ದೇಕೆ? ಮನುಷ್ಯನ ಮೇಲಿನ ಅವಿಶ್ವಾಸದಿಂದಲ್ಲ, ಮಾಫಿ ಕೊಡುವ ಸರ್ಕಾರಗಳ ಮೇಲಿನ ಅವಿಶ್ವಾಸದಿಂದ. ಮಾಫಿಯೆಂಬುದು ಯಾಂತ್ರಿಕವಾಗಿ, ವಿವೇಚನೆಯಿಲ್ಲದೆ ದೊರೆಯುತ್ತದೆಂಬ ಆತಂಕವೇ ೨೦೦೮ರ ತೀರ್ಪಿನ ಬೇರು. ಆತಂಕ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ೨೦೦೨ರ ಗುಜರಾತಿನ ಗಲಭೆಯಲ್ಲಿ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆಗಳಿಗಾಗಿ ಜೀವಾವಧಿ ಶಿಕ್ಷೆ ಪಡೆದಿದ್ದ ಹನ್ನೊಂದು ಮಂದಿಯನ್ನು ಅಲ್ಲಿನ ಸರ್ಕಾರ ೨೦೨೨ರ ಆಗಸ್ಟ್ ೧೫ರಂದು ಬಿಟ್ಟಿತು. ತನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲವೆಂದು ಆ ನೊಂದ ಮಹಿಳೆ ಹೇಳಿದರು. ೨೦೨೪ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ವಿಚಾರಣೆ ನಡೆದದ್ದು ಮಹಾರಾಷ್ಟ್ರದಲ್ಲಾದ್ದರಿಂದ ಆ ಮಾಫಿಯನ್ನು ಕೊಡುವ ಅಧಿಕಾರವೇ ಗುಜರಾತಿಗೆ ಇರಲಿಲ್ಲವೆಂದು ಹೇಳಿ, ಹನ್ನೊಂದು ಮಂದಿಯನ್ನೂ ಮತ್ತೆ ಸೆರೆಗೆ ಕಳುಹಿಸಿತು. ಮಾಫಿ ಎಷ್ಟು ಕೆಡಬಲ್ಲದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದರೆ ತಕ್ಕಡಿ ಕೆಟ್ಟಿದೆಯೆಂದು ತೂಗುವುದನ್ನೇ ಬಿಟ್ಟವರುಂಟೆ? ತಕ್ಕಡಿಯನ್ನು ಸರಿಪಡಿಸಬೇಕು. ಇದರಲ್ಲಿ ಇನ್ನೊಂದು ವಿಪರ್ಯಾಸವೂ ಇದೆ. ನ್ಯಾಯಾಲಯದ ಬೀಗ ಬಿದ್ದಿರುವುದು ಶಾಸನಬದ್ಧ ಮಾಫಿಯ ಬಾಗಿಲಿಗೆ. ಆ ಬಾಗಿಲಿನಲ್ಲಿ ಶಿಕ್ಷೆ ವಿಧಿಸಿದ ನ್ಯಾಯಾಲಯದ ಅಭಿಪ್ರಾಯವನ್ನು ಕೇಳಬೇಕೆಂಬ ನಿಯಮವುಂಟು. ಅಪರಾಧ ಸಮಾಜಕ್ಕೆ ತಗುಲಿದ್ದೆ, ಅದು ಮರುಕಳಿಸುವ ಸಂಭವವುಂಟೆ, ಕೈದಿಯಲ್ಲಿ ಅಪರಾಧದ ಶಕ್ತಿ ಉಡುಗಿದೆಯೆ, ಇನ್ನೂ ಸೆರೆಯಲ್ಲಿಡುವುದರಿಂದ ಪ್ರಯೋಜನವುಂಟೆ, ಅವನ ಕುಟುಂಬದ ಸ್ಥಿತಿ ಏನು ಎಂಬ ಐದು ಪ್ರಶ್ನೆಗಳನ್ನು ೨೦೦೦ದಲ್ಲಿ ಸುಪ್ರೀಂ ಕೋರ್ಟೇ ಹಾಕಿಕೊಟ್ಟಿದೆ. ಇದನ್ನೆಲ್ಲ ಮುಚ್ಚಿದ ಮೇಲೂ ಸಂವಿಧಾನದ ೭೨ ಮತ್ತು ೧೬೧ನೆಯ ವಿಧಿಗಳಲ್ಲಿ ರಾಷ್ಟ್ರಪತಿಗೂ ರಾಜ್ಯಪಾಲರಿಗೂ ಇರುವ ಕ್ಷಮಾದಾನದ ಅಧಿಕಾರ ಹಾಗೆಯೇ ಉಳಿದಿದೆ. ಅದನ್ನು ಮುಟ್ಟಲಾಗದೆಂದು ೨೦೧೫ರ ಪೀಠವೂ ಒಪ್ಪಿತು. ಅವರಾದರೋ ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಎಂದರೆ, ಯಾವ ಸರ್ಕಾರಗಳ ಮೇಲಿನ ಅವಿಶ್ವಾಸದಿಂದ ಮುಂಬಾಗಿಲು ಮುಚ್ಚಿತೋ ಅದೇ ಸರ್ಕಾರಗಳ ಕೈಯಲ್ಲಿ ಹಿತ್ತಿಲ ಬಾಗಿಲು ತೆರೆದೇ ಇದೆ. ದಾಕ್ಷಿಣ್ಯ ಬಲ್ಲವನು ಅಲ್ಲಿಂದ ಹೊರಬಂದಾನು. ದಿಕ್ಕಿಲ್ಲದವನು ಒಳಗೇ ಮುದುಕನಾದಾನು.

ಹೊರದೇಶಗಳವರೂ ಈ ಪ್ರಶ್ನೆಯೊಡನೆ ಹೆಣಗಿದ್ದಾರೆ. ಇಟಲಿಯ ಬೆಕಾರಿಯಾ ೧೭೬೪ರಲ್ಲಿ ಗಲ್ಲಿಗೆ ಬದಲಾಗಿ ಆಜೀವ ದಾಸ್ಯವನ್ನು ಸೂಚಿಸಿದನು. ಅದು ಮೃದುವೆಂದಲ್ಲ, ನೋಡುವವರಿಗೆ ಹೆಚ್ಚು ಭಯಂಕರವೆಂದು. ೧೮೬೮ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮರಣದಂಡನೆಯನ್ನು ಉಳಿಸಿಕೊಳ್ಳಬೇಕೆಂದು ವಾದಿಸಿದಾಗ ಅವನ ಮುಖ್ಯ ಕಾರಣ, ಆಜೀವ ಸೆರೆ ಅದಕ್ಕಿಂತ ಕ್ರೂರ ಎಂಬುದೇ. ಎದುರುಬದುರು ನಿಂತ ಈ ಇಬ್ಬರೂ ಒಂದು ಮಾತಿನಲ್ಲಿ ಒಂದಾದುದನ್ನು ಮರೆಯಲಾಗದು. ೧೯೭೭ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ, ಆಜೀವ ಕೈದಿಗೂ ಎಂದಾದರೊಂದು ದಿನ ಬಿಡುಗಡೆ ಕಾಣುವ ನಿಜವಾದ ಅವಕಾಶ ಇರಬೇಕೆಂದಿತು. ೨೦೧೩ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಮರುಪರಿಶೀಲನೆಯೇ ಇಲ್ಲದ ಪೂರ್ಣಾಯುಷ್ಯದ ಸೆರೆ ಅಮಾನುಷವೆಂದು ಬ್ರಿಟನ್ನಿನ ಮೂವರು ಕೊಲೆಗಾರರ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಮೂವರನ್ನು ಬಿಡಬೇಕೆಂದು ಮಾತ್ರ ಅದು ಹೇಳಲಿಲ್ಲ. ಪರಿಶೀಲನೆ ಎಂದರೆ ಬಿಡುಗಡೆಯೆಂದು ಹೆದರುವವರು ನಾರ್ವೆಯನ್ನು ನೋಡಬೇಕು. ೨೦೧೧ರಲ್ಲಿ ಎಪ್ಪತ್ತೇಳು ಮಂದಿಯನ್ನು ಕೊಂದವನಿಗೆ ಅಲ್ಲಿ ವಿಧಿಸಿದ್ದು ಇಪ್ಪತ್ತೊಂದು ವರ್ಷಗಳ, ಅಪಾಯವಿದ್ದರೆ ಮತ್ತೆ ಮತ್ತೆ ಬೆಳೆಸಬಹುದಾದ ಬಂಧನ. ಹತ್ತು ವರ್ಷದ ಮೇಲೆ ಅವನು ಬಿಡುಗಡೆ ಬೇಡಿದನು. ೨೦೨೨ರಲ್ಲಿ ನ್ಯಾಯಾಲಯ ಅವನ ಮಾತನ್ನು ಕೇಳಿತು. ಅಪಾಯ ತಗ್ಗಿಲ್ಲವೆಂದು ಬೇಡಿಕೆಯನ್ನು ತಿರಸ್ಕರಿಸಿತು. ಕೇಳುವುದರಿಂದ ನಾರ್ವೆಗೆ ಏನೂ ನಷ್ಟವಾಗಲಿಲ್ಲ.

ಇಷ್ಟು ಹೇಳಿದ ಮೇಲೆ ಸತ್ತವರ ಕಡೆಯವರ ಮಾತಿಗೆ ಹಿಂದಿರುಗಬೇಕು. ಇಂಥ ಚರ್ಚೆಗಳಲ್ಲಿ ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿ ಕೊನೆಯವರೆಗೂ ಮಾತನಾಡಿಸದೆ ಬಿಡುವುದು ವಾಡಿಕೆ. ಕೊಂದವನು ಸನ್ನಡತೆಯ ಮೇಲೆ ಬಿಡುಗಡೆಯಾದನೆಂದು ಅವರಿಗೆ ತಿಳಿಯುವುದು ಪತ್ರಿಕೆಯಿಂದಲೋ, ಸಂತೆಯಲ್ಲಿ ಅವನೇ ಎದುರಾದಾಗಲೋ ಆದರೆ, ಅದು ಎರಡನೆಯ ಗಾಯವಲ್ಲದೆ ಮತ್ತೇನು? ಕೊನೆಯವರೆಗಿನ ಸೆರೆಯನ್ನು ಅವರು ಬೇಡುವಾಗ, ಬಹಳ ಸಂದರ್ಭಗಳಲ್ಲಿ ಅವರು ಬೇಡುತ್ತಿರುವುದು ಹಾಗೆ ಬೆನ್ನ ಹಿಂದೆ ಏನೂ ನಡೆಯದಿರಲಿ ಎಂಬ ಭರವಸೆಯನ್ನೇ ಎಂದು ನನಗೆ ತೋರುತ್ತದೆ. ಆ ಭರವಸೆಯನ್ನು ಬೀಗವಿಲ್ಲದೆಯೂ ಕೊಡಬಹುದು.

ಕೊಡುವ ಬಗೆಯೂ ದುಸ್ಸಾಧ್ಯವಲ್ಲ. ಘೋರ ಕೊಲೆಗಳಲ್ಲಿ ನ್ಯಾಯಾಧೀಶರು ಇಪ್ಪತ್ತೈದು ವರ್ಷದವರೆಗೆ ಗಡುವು ಹಾಕಲಿ. ಗಡುವು ತುಂಬಿದಾಗ, ಮಂತ್ರಿಗಳ ಮೇಜಿನ ಮೇಲಲ್ಲ, ನ್ಯಾಯಾಧೀಶರೊಬ್ಬರು ಮುಖ್ಯರಾಗಿ, ಮನೋವೈದ್ಯರೂ ಸೆರೆಮನೆಯ ವ್ಯವಹಾರ ಬಲ್ಲವರೂ ಸೇರಿದ ಮಂಡಲಿಯೊಂದರ ಮುಂದೆ ವಿಚಾರಣೆಯಾಗಲಿ. ಕೈದಿ ಅರ್ಜಿ ಬರೆಯಲು ಬಾರದವನಾದರೂ ಅವನ ಸರದಿ ತಪ್ಪದಿರಲಿ. ಮಾಫಿಯ ನೀತಿಯುಳ್ಳ ಸರ್ಕಾರಗಳು ಅರ್ಜಿಗಾಗಿ ಕಾಯದೆ ಅರ್ಹರನ್ನು ಪರಿಗಣಿಸಬೇಕೆಂದು ೨೦೨೫ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿರುವುದು ಈ ದಿಕ್ಕಿನಲ್ಲಿ ಇಟ್ಟ ಹೆಜ್ಜೆ. ಸತ್ತವರ ಮನೆಯವರಿಗೆ ಮುಂಚಿತವಾಗಿ ತಿಳಿವಳಿಕೆ ಹೋಗಲಿ. ಅವರ ಮಾತು ದಾಖಲಾಗಲಿ. ತೀರ್ಮಾನ ಯಾವುದಾದರೂ ಕಾರಣಸಹಿತ ಬರಹದಲ್ಲಿರಲಿ, ಪ್ರಕಟವಾಗಲಿ. ಬೇಡವೆಂದಾದರೆ ಕೆಲವು ವರ್ಷಗಳ ಮೇಲೆ ಮತ್ತೊಮ್ಮೆ ನೋಡಲಿ. ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು ಬಂದವೆಂದು ಪಟ್ಟಿ ಹಿಡಿದು ಬಿಡುವ ಸಂಪ್ರದಾಯ ಕೊಲೆಗಾರರ ಮಟ್ಟಿಗಾದರೂ ನಿಲ್ಲಲಿ. ಹಬ್ಬದ ದಿನಕ್ಕೂ ಪಶ್ಚಾತ್ತಾಪಕ್ಕೂ ಸಂಬಂಧವಿಲ್ಲ.

ಈ ವ್ಯವಸ್ಥೆಯಲ್ಲಿಯೂ ಕೆಲವರು ಸೆರೆಯಲ್ಲಿಯೇ ಸಾಯುತ್ತಾರೆ. ಆಗಲಿ. ಆದರೆ ಅವರು ಅಲ್ಲಿ ಉಳಿಯುವುದು, ಅವರನ್ನು ಮತ್ತೆ ಮತ್ತೆ ವಿಚಾರಿಸಿದ ಮೇಲೆ, ಇನ್ನೂ ಉಳಿಯಬೇಕೆಂಬ ಕಾರಣವನ್ನು ಅವರಿಗೂ ನಮಗೂ ಹೇಳಿದ ಮೇಲೆ. ಯಾರೂ ವಿಚಾರಿಸದೆ ಒಳಗಿಟ್ಟು ಮರೆತುಬಿಡುವುದಕ್ಕೂ ಇದಕ್ಕೂ ಇರುವ ಅಂತರ ಕೈದಿಯ ಪಾಲಿಗೆ ಎಷ್ಟು ದೊಡ್ಡದೋ, ಅವನ ಹೆಸರಿನಲ್ಲಿ ಬೀಗ ಹಾಕುವ ನಮ್ಮ ಪಾಲಿಗೂ ಅಷ್ಟೇ ದೊಡ್ಡದು. ಕೊಲೆಗಾರನು ಒಬ್ಬ ಮನುಷ್ಯನನ್ನು ಇನ್ನು ಲೆಕ್ಕಕ್ಕಿಲ್ಲವೆಂದು ತೀರ್ಮಾನಿಸಿದನು. ಶಿಕ್ಷಿಸುವ ಸಮಾಜ ಅದೇ ತೀರ್ಮಾನವನ್ನು ಅವನ ವಿಷಯದಲ್ಲಿ ಮಾಡದೆ ಇರಬೇಕೆಂಬುದು ನನ್ನ ಪ್ರಾರ್ಥನೆ. ವಾಚಕರು, ಅದರಲ್ಲೂ ನಾಳೆ ನ್ಯಾಯಪೀಠವನ್ನೋ ಶಾಸನಸಭೆಯನ್ನೋ ಏರಬಹುದಾದ ವಿದ್ಯಾರ್ಥಿಗಳು, ಇದನ್ನು ಒಪ್ಪದಿದ್ದರೂ ತಮ್ಮ ಮನಸ್ಸಿನಲ್ಲಿ ಒಮ್ಮೆ ತೂಗಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.